ಅತ್ತಿಯವ್ರನ್ನ ಹಗಲು ಕೇಂದ್ರಕ್ಕ ಬಿಡಬೇಕೋ ಬ್ಯಾಡೋ? ಬಿಟ್ಟವ್ರು ಹೇಳ್ರಿ

ವಿದ್ಯಾಗಿರಿ ಸೊಸಿ:
ನಮ್ದು ಬಾಗಲಕೋಟಿ. ಅತ್ತಿಗೆ 74, ಒಲಿ ಮ್ಯಾಲ ಹಾಲಿಟ್ಟು ಮರೀತಾರ. ಮಗ 9ನೇತ್ತಾ, ಸಂಜಿ ಪೂರಾ ಫೋನ್. ನಾವಿಬ್ಬರೂ ನೌಕರಿ. ನವನಗರದಾಗ ಒಂದು ಸಂಸ್ಥಾದವ್ರು ಹಗಲು ವಯಸ್ಸಾದವ್ರನ್ನ ನೋಡ್ಕೋತಾರ, ಸಂಜೀಕ ಹುಡುಗರಿಗೆ ಅಭ್ಯಾಸ ಮಾಡಸ್ತಾರ, ಶನಿವಾರ ಮನಿ ಜಗಳಕ್ಕ ಸಮಾಲೋಚನೆ. ಇಬ್ಬರನ್ನೂ ಅಲ್ಲೇ ಹಚ್ಚೂಣು ಅಂತೀನಿ. ಅನುಭವ ಇದ್ದವ್ರು ಹೇಳ್ರಿ.

ಸೆಕ್ಟರ್ ಅಕ್ಕ:
ನಮ್ಮ ಮಾವನ್ನ ಎರಡು ವರ್ಷ ಇಂಥಾದ್ದಕ್ಕ ಕಳಸೀನಿ. ಫೀ 1,800 ಅಂತಾರ, ಅದು ಬರೇ ಬಾಗಲಾ ತೆಗಿಯೋ ರೊಕ್ಕ. ಆಟೋ ಹೋಗಾಕ 60, ಬರಾಕ 60, 26 ದಿನಕ್ಕ 3,120. ಮಳಿ ಬಂದ್ರ 80. ಡೈಪರ್ ನಮ್ದ. ವರ್ಷಕ್ಕೊಮ್ಮೆ 'ದೇಣಿಗಿ' ಅಂತ ರಸೀದಿ ಬುಕ್ ಹಿಡ್ಕೊಂಡು ನಿಂದರ್ತಾರ, ಕೊಡಲಿಲ್ಲಂದ್ರ ಮಾರಿ ನೋಡಂಗಿಲ್ಲ.
ಒಂದಿನ ಮಾವ ಮಧ್ಯಾಹ್ನ ಒಂದೂವರಿಗೆ 'ಮನಿಗೆ ಹೋಗಿ ಬರ್ತೀನಿ' ಅಂತ ಚಪ್ಪಲ್ ಹಾಕ್ಕೊಂಡು ಹೊಂಟಾರ. ನನಗ ಫೋನ್ ಬಂದದ್ದು ನಾಕಕ್ಕ! ಸಿಕ್ಕಿದ್ದು ಹಳೇ ಬಾಗಲಕೋಟ್ಯಾಗ, ಒಂದು ಕಿರಾಣಿ ಅಂಗಡ್ಯಾಗ ನಿಂತು ನಮ್ಮ ಓಣಿ ಎಲ್ಲಿ ಅಂತ ಕೇಳಾಕತ್ತಿದ್ರು. ಆ ಮನಿ ಆಲಮಟ್ಟಿ ಹಿನ್ನೀರಾಗ ಹೋಗಿ ಎಷ್ಟೋ ವರ್ಷ ಆತು. ಕಿಸೇದಾಗ ಅದರ ಮನಿಪಟ್ಟಿ ತುಂಬಿದ ಪಾವತಿ, ನಾಕು ಮಡಿಕಿ ಮಾಡಿ ಇಟ್ಟಿದ್ರು.
ಮರುದಿನ ಮತ್ತ ಅಲ್ಲೇ ಕಳಿಸಿದೆ. ಇನ್ನೇನ್ ಮಾಡ್ಲಿ?

ಕಲಾದಗಿ ತಮ್ಮ:
ಹೆತ್ತವ್ರನ್ನ ಬಾಲವಾಡಿಗೆ ಬಿಟ್ಟಂಗ ಬಿಡೂದು ನಮ್ಮ ಕಡೆ ಇಲ್ರಿ. ನಮ್ಮವ್ವನ್ನ ಮನ್ಯಾಗ ಇಟ್ಕೊಂಡೀನಿ. ಆಯಾಗ 12,000, ಕರಕೊಂಡ ಬಂದಾಂವಗ ಒಂದು ತಿಂಗಳ ಪಗಾರ ಬ್ಯಾರೆ. ಮೊದಲನೇಕಿ ಒಂಬತ್ತು ದಿನಕ್ಕ ಹ್ವಾದ್ಲು, ಆಂವ ರೊಕ್ಕ ತಿರುಗಿ ಕೊಡಲಿಲ್ಲ. ಎರಡನೇಕಿ ಗುಳಗಿ ಮರತು ಧಾರಾವಾಹಿ ನೋಡ್ತಿದ್ಲು. ಮೂರನೇಕಿ ಬಂಗಾರದಂಥಾಕಿ, ಮದುವಿ ಆಗಿ ಹ್ವಾದ್ಲು. ಏಳು ತಿಂಗಳದಾಗ ಐದು ಮಂದಿ. ಗಾಳಿ ಹಾಸಿಗಿ 4,200, ಅದರ ಮೋಟರ್ ಸುಟ್ಟು ಮತ್ತ 1,650. ಆದ್ರೂ ಮನ್ಯಾಗ ಇಟ್ಕೊಂಡೀನಿ.

ಸೆಕ್ಟರ್ ಅಕ್ಕ:
ಇಟ್ಕೊಂಡಾಂವ ನೀ, ಖರೆ. ಒಬ್ಬಾಕಿ ಹೋಗಿ ಇನ್ನೊಬ್ಬಾಕಿ ಬರೂತನಾ ಉಚ್ಚಿ ಬಳದಾಕಿ ಯಾರು? ಆಕಿ ಹೆಸರ ಬರಿಲಿಲ್ಲ ನೋಡು.

ಕಲಾದಗಿ ತಮ್ಮ:
ನಮ್ಮಾಕಿ ತಾನಾಗೇ ನೌಕರಿ ಬಿಟ್ಟಾಳ. ಯಾರೂ ಬಿಡಸಿಲ್ಲ.

ಸೆಕ್ಟರ್ ಅಕ್ಕ:
ಹೂಂ. ಎಲ್ಲಾರೂ ತಾವಾಗೇ ಬಿಡ್ತಾರ.

ಜಮಖಂಡಿ ಅವ್ವ:
ಹುಡುಗನ ಸುದ್ದಿ ಯಾರೂ ಎತ್ತಲಿಲ್ಲ, ನಾ ಹೇಳ್ತೀನಿ. ನಮ್ಮಾಂವ ಸಂಜಿ ಕ್ಲಾಸಿಗೆ ಒಂದು ವರ್ಷ ಹೋದ, ಗಣಿತದಾಗ 28 ಇದ್ದದ್ದು 61 ಆತು. ಕಲಸೂ ಹುಡುಗಿ ಭಾಳ ಚಲೋ. ಆದ್ರ ಕ್ಯಾಲೆಂಡರ್‌ನಾಗ ಇವನ ಫೋಟೋ ಹಾಕಿ 'ತಂದಿ ಇಲ್ಲದ ಬಡ ಬಾಲಕ' ಅಂತ ಅಚ್ಚು ಹೊಡಿಸ್ಯಾರ! ಇವರಪ್ಪ ಆವತ್ತು ಇಳಕಲ್ಲಾಗ ಗ್ರಾನೈಟ್ ಖಣಿ ಕೆಲಸದಾಗ ಅದಾರ, ರಾತ್ರಿ ಫೋನ್ ಮಾಡಿ 'ನಾ ಯಾವಾಗ ಸತ್ತೆ' ಅಂತ ಕೇಳಿದ್ರು. ಕೇಳಾಕ ಹ್ವಾದ್ರ, ದಾನಿಗಳಿಗೆ ಹಂಗ ಬರದ್ರ ಮನಸ್ಸ ಕರಗತೈತಿ ಅಂದ್ರು. ಸಹಿ ಮಾಡೂ ಮುಂದ ಫಾರ್ಮ್ ಪೂರಾ ಓದ್ರಿ.

ಬಾದಾಮಿ ಮಾಸ್ತರ:
ಎಲ್ಲಾರೂ ನಮ್ಮನ್ನ ಎಲ್ಲಿ ಇಡಬೇಕು ಅಂತ ಮಾತಾಡಾಕತ್ತೀರಿ. ನಾ ಇಡಿಸ್ಕೊಂಡಾಂವ, 76. ಮನಿ ಮಗಗ ದಾನಪತ್ರ ಮಾಡಿಕೊಟ್ಟೆ. 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಕಲಂ ಐತಿ, ನೋಡ್ಕೊಳ್ಳದಿದ್ರ ಪತ್ರ ರದ್ದು ಮಾಡಸಬಹುದು ಅಂತ ಹ್ವಾದೆ. 'ನೋಡ್ಕೋಬೇಕು' ಅನ್ನೂ ಷರತ್ತು ಪತ್ರದಾಗ ಬರಿಸಿದ್ದಿಲ್ಲ, ಅಲ್ಲೇ ಸಿಕ್ಕಿಬಿದ್ದೆ. ಜೀವನಾಂಶಕ್ಕ ಉಪವಿಭಾಗಾಧಿಕಾರಿಗಳ ಮುಂದ ಅರ್ಜಿ ಹಾಕಿದೆ. ಕಾಯ್ದೆದಾಗ ತಿಂಗಳಿಗೆ 10,000ದ ಮ್ಯಾಲ ಇಲ್ಲ, ನನಗ 6,000 ಆತು. ಅರ್ಜಿ ಬರಕೊಟ್ಟಾಕಿ ಇಂಥಾ ಸಂಸ್ಥಾದ ಹುಡುಗೀನ, ಒಂದು ಪೈಸಾ ಮುಟ್ಟಲಿಲ್ಲ. ಬಾಗಲಕೋಟಿಗೆ ಹನ್ನೊಂದು ಸರ್ತಿ ಅಡ್ಡಾಡೀನಿ. ಮಗ ನಾಕು ತಿಂಗಳು ಕೊಟ್ಟ, ನಿಂದರಿಸಿದ.

ಕಲಾದಗಿ ತಮ್ಮ:
ಮಾಸ್ತರ, ಮಗನ ಮ್ಯಾಲ ಕೇಸ್ ಹಾಕಿ ಮ್ಯಾಲ ಹೇಳ್ಕೋತೀರಲ್ಲ.

ಬಾದಾಮಿ ಮಾಸ್ತರ:
ತಮ್ಮಾ, ನಿಮ್ಮವ್ವನ ಮನಿ ಈಗ ಯಾರ ಹೆಸರಲೆ ಐತಿ?

ಇಳಕಲ್ ಕಾಕಾ:
ಜಗಳ ಬಿಡ್ರಿ. ಇಂಥಾ ಕೇಂದ್ರದಾಗ ದಿನಾ ಅನ್ನ ಸಾರು. ನಮ್ಮ ಮಂದಿಗೆ ರೊಟ್ಟಿ ಇಲ್ದ ಹೊಟ್ಟಿ ತುಂಬತೈತೇನು? ನಮ್ಮಣ್ಣ ಅಲ್ಲಿ ಹೋಗಿ ಸೊರಗಿ ಹ್ವಾದ.

ಜಮಖಂಡಿ ಅವ್ವ:
ಹಲ್ಲಿಲ್ಲದವ್ರಿಗೆ ಕಟಕ ರೊಟ್ಟಿ ಕೊಡ್ತೀರೇನ್ ಕಾಕಾ? ನುಚ್ಚು ಮಜ್ಜಿಗಿ ಮಾಡಸ್ರಿ.

ಇಳಕಲ್ ಕಾಕಾ:
ನುಚ್ಚು ಮಾಡಾಕ ಅಡಗಿಯಾಕಿ ಒಲ್ಲೆ ಅಂತಾಳ, ತಳಾ ಹತ್ತತೈತಂತ. ಬಿಸಿ ರೊಟ್ಟಿ ಹಾಲಾಗ ಮುರದು ಕೊಟ್ರ ಹಲ್ಲ ಯಾಕ ಬೇಕು?

ವಿದ್ಯಾಗಿರಿ ಸೊಸಿ:
ಅತ್ತಿಗೆ ಸಕ್ಕರಿ ಬ್ಯಾನಿ ಐತ್ರಿ. ಮಧ್ಯಾಹ್ನದ ಇನ್ಸುಲಿನ್ ಅಲ್ಲಿ ಯಾರರೆ ಚುಚ್ಚತಾರೇನು? ಇಷ್ಟರೆ ಹೇಳ್ರಿ.

ಸೆಕ್ಟರ್ ಅಕ್ಕ:
ನಮ್ಮ ಕಡೆ ಚುಚ್ಚತಿದ್ದಿಲ್ಲವಾ. ಮಾವಗ ನಾನೇ ಊಟದ ಬಿಡುವಿನ್ಯಾಗ ಆಫೀಸಿಂದ ಓಡ್ತಿದ್ದೆ. ಆಟೋ ಮತ್ತ 120. ಅದನ್ನ ಮ್ಯಾಲ ಲೆಕ್ಕದಾಗ ಹಿಡಿಯೂದ ಮರತೆ ನೋಡು.