ವಾರ್ಡಿನಲ್ಲಿ ಸೆನ್ಸರಿ ರೂಮ್: ಏನಿರಬೇಕು, ಏನಿರಬಾರದು?

ಪ್ರಶ್ನೆ: ಮನೋರೋಗ ವಾರ್ಡಿನಲ್ಲಿ 10×12 ಅಡಿಯ ಕೋಣೆ ಖಾಲಿಯಿದೆ. ಚಡಪಡಿಸುವ ರೋಗಿಗಳಿಗೆ ಸೆನ್ಸರಿ ರೂಮ್, ಅಂದರೆ ಹಿತವಾದ ಬೆಳಕು, ಸ್ಪರ್ಶ, ವಾಸನೆಗಳಿಂದ ಮನಸ್ಸು ಶಾಂತವಾಗಿಸುವ ಕೋಣೆ ಮಾಡುವ ಯೋಚನೆ. ಮೈಮೇಲೆ ಹಿತವಾದ ಒತ್ತಡ ಕೊಡುವ ಭಾರದ ಹೊದಿಕೆ ಎಷ್ಟು ತೂಕದ್ದಿರಲಿ? ಯಾವುದನ್ನು ಇಡಬಾರದು?

ಉತ್ತರ 1 (ಆಕ್ಯುಪೇಷನಲ್ ಥೆರಪಿಸ್ಟ್): ಸಾಮಾನ್ಯವಾಗಿ ದೇಹತೂಕದ ಶೇ. 10ರಷ್ಟು, 60 ಕೆಜಿಯವರಿಗೆ 6 ಕೆಜಿ. ಕುತ್ತಿಗೆ, ಮುಖದ ಮೇಲೆ ಬರಬಾರದು. ತಾವೇ ಸರಿಸಲಾಗದವರಿಗೆ, ಈಗಷ್ಟೇ ನಿದ್ದೆಯ ಇಂಜೆಕ್ಷನ್ ಆದವರಿಗೆ, ಉಸಿರಾಟದ ತೊಂದರೆಯವರಿಗೆ ಬೇಡವೇ ಬೇಡ. ಹೊದಿಕೆಯ ಬಟ್ಟೆ ಒರೆಸಿ ಶುಚಿಮಾಡುವಂಥದ್ದಿರಲಿ. ವೈರಿನ ಹೆಡ್‌ಫೋನ್, ಪರದೆಯ ಹಗ್ಗ, ಕೊಕ್ಕೆ ಇಡಬೇಡಿ, ನೇಣಿನ ಅಪಾಯ. ಮಿನುಗುವ ದೀಪವೂ ಬೇಡ, ಮೂರ್ಛೆರೋಗದವರಿಗೆ ಕೆಡುಕು. ಮಬ್ಬುಮಾಡಬಲ್ಲ ಹಳದಿ ಬೆಳಕು ಸಾಕು.

ಉತ್ತರ 2 (ನರ್ಸ್): ಸಾಮಾನಿಗಿಂತ ಹೊತ್ತು ಮುಖ್ಯ ಮೇಡಂ. ಕೂಗಾಟ ಶುರುವಾದ ಮೇಲೆ ಕರೆದೊಯ್ದರೆ ಉಪಯೋಗ ಕಡಿಮೆ. ಮುಷ್ಟಿ ಬಿಗಿದಾಗ, ಅತ್ತಿಂದಿತ್ತ ಓಡಾಡತೊಡಗಿದಾಗಲೇ ಕೋಣೆಗೆ ಬರುತ್ತೀರಾ ಎಂದು ಕೇಳಿ. ಆದರೆ ಕಾಲು ನಿಲ್ಲಿಸಲಾಗದ ಚಡಪಡಿಕೆ ಔಷಧದ ಅಡ್ಡಪರಿಣಾಮ, ಅಂದರೆ ಅಕಥೀಸಿಯಾ ಇರಬಹುದು. ಡಾಕ್ಟರಿಗೆ ತಿಳಿಸಿ, ಕೋಣೆಯಲ್ಲಿ ಕೂತರೆ ಅದು ಹೋಗದು. ಬಾಗಿಲಿಗೆ ಚಿಲಕ ಹಾಕಲೇಬೇಡಿ. ಹಾಕಿದರೆ ಅದು ಏಕಾಂತ ಬಂಧನ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.

ಉತ್ತರ 3: ಪರಿಮಳದ ಡಿಫ್ಯೂಸರ್ ಬೇಡ. ಒಬ್ಬರಿಗೆ ಹಿತವಾದ ವಾಸನೆ ಇನ್ನೊಬ್ಬರಿಗೆ ಹಳೆಯ ಆಘಾತ ನೆನಪಿಸೀತು, ಆಸ್ತಮಾ ಕೆರಳಿಸೀತು. ಏಲಕ್ಕಿ, ಲಾವಂಚ ಮುಚ್ಚಳದ ಡಬ್ಬಿಗಳಲ್ಲಿಡಿ, ಅವರೇ ಆರಿಸಲಿ. ಒಳಹೋಗುವ ಮೊದಲು, ಬಂದ ಮೇಲೆ ಸಂಕಟವೆಷ್ಟೆಂದು 0–10ರಲ್ಲಿ ಕೇಳಿ ಕೇಸ್ ಶೀಟಿನಲ್ಲಿ ಬರೆಯಿರಿ.