ವಂದಿಯದೇವನ ಬಾಣ ವಂಶ: ಕಾದಂಬರಿ ಹೇಳುವುದೆಷ್ಟು, ಶಾಸನ ಹೇಳುವುದೆಷ್ಟು?

ಪ್ರಶ್ನೆ (ಮುಳಬಾಗಿಲು ಕಡೆಯ ಓದುಗರು):

ಚೋಳರ ಕಾಲದ ಕಥೆ ಹೇಳುವ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಕಾದಂಬರಿಯ ಐದೂ ಭಾಗಗಳನ್ನು ಎರಡನೆಯ ಸಲ ಓದಿ ಮುಗಿಸಿದೆ. ಗಡಿಸೀಮೆಯಲ್ಲಿ ಬೆಳೆದ ನನಗೆ ತಮಿಳು ಓದಲು ಬರುವುದರಿಂದ ಮೂಲದಲ್ಲಿಯೇ ಓದುವ ಭಾಗ್ಯ ದೊರೆಯಿತು. ಮುಂದೆ ರಾಜರಾಜ ಚೋಳನಾಗುವ ಅರುಳ್‌ಮೊಳಿವರ್ಮನಿಗಿಂತಲೂ ನನ್ನ ಮನಸ್ಸು ಹೆಚ್ಚು ನೆಟ್ಟಿರುವುದು ವಂದಿಯದೇವನ ಮೇಲೆ. ಅವನ ಹಿರಿಯರು ಆಳಿದ ನಾಡು ಕೈಬಿಟ್ಟುಹೋಗಿದೆ. ಅವನ ಪಾಲಿಗೆ ಉಳಿದಿರುವುದು ಒಂದು ಕುದುರೆ, ಒಂದು ಕತ್ತಿ ಮತ್ತು ‘ವಾಣರ್ ಕುಲ’ದವನೆಂಬ ಹೆಸರು.

ನಮ್ಮೂರ ಕೆರೆಯ ಏರಿಯ ಮೇಲೆ ಅರ್ಧ ಹೂತುಹೋದ ಒಂದು ವೀರಗಲ್ಲಿದೆ. ಚಿಕ್ಕಂದಿನಲ್ಲಿ ಅದಕ್ಕೆ ಒರಗಿ ಕುಳಿತು ಕಡಲೆಕಾಯಿ ತಿಂದವರು ನಾವು. ಹಳಗನ್ನಡ ಲಿಪಿ ಬಲ್ಲ ಹಿರಿಯರೊಬ್ಬರು ಕಳೆದ ಬೇಸಿಗೆಯಲ್ಲಿ ಅದರ ಮೇಲೆ ನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿ, ಅಕ್ಷರಗಳ ಮೇಲೆ ಬೆರಳಾಡಿಸುತ್ತ ‘ಬಾಣರಸ’ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು. ನನ್ನ ಪ್ರಶ್ನೆ ಇಷ್ಟೇ: ಕಾದಂಬರಿಯ ವಾಣರೂ ನಮ್ಮ ಕೆರೆಯ ಏರಿಯ ಬಾಣರೂ ಒಂದೇ ಮನೆತನದವರೆ? ವಂದಿಯದೇವನು ನಿಜವಾಗಿಯೂ ಆ ಮನೆತನದವನೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಕೋಲಾರದ ನಿವೃತ್ತ ಇತಿಹಾಸ ಅಧ್ಯಾಪಕರು):

ತಮ್ಮ ಮೊದಲನೆಯ ಪ್ರಶ್ನೆಗೆ ಧೈರ್ಯವಾಗಿ ಹೌದು ಎನ್ನಬಹುದು. ತಮಿಳಿನಲ್ಲಿ ‘ಬ’ಕಾರವು ‘ವ’ಕಾರವಾಗುವುದರಿಂದ ಬಾಣರು ಅಲ್ಲಿ ವಾಣರಾದರು. ನಮ್ಮ ಕೋಲಾರ ಸೀಮೆಯಲ್ಲಿ, ಅದರಲ್ಲೂ ಮುಳಬಾಗಿಲು ತಾಲ್ಲೂಕಿನಲ್ಲಿ, ‘ಮಾವಲಿ ಬಾಣರಸ’ ಎಂಬ ಹೆಸರುಳ್ಳ ಕಲ್ಲುಗಳು ಹಲವು ಸಿಕ್ಕಿವೆ. ಬಾಣರು ತಮ್ಮನ್ನು ಬಲಿ ಚಕ್ರವರ್ತಿಯ ಸಂತತಿಯವರೆಂದು ಹೇಳಿಕೊಳ್ಳುತ್ತಿದ್ದರು. ಅವರ ಪ್ರಶಸ್ತಿಯಲ್ಲಿ ‘ಸಕಳಜಗತ್ರಯಾಭಿವಂದಿತ ಸುರಾಸುರಾಧೀಶ ಪರಮೇಶ್ವರ ಪ್ರತಿಹಾರೀಕೃತ ಮಹಾಬಲಿ ಕುಲೋದ್ಭವ’ ಎಂಬ ಮಾತು ಬರುತ್ತದೆ. ಮೂರು ಲೋಕವೂ ನಮಿಸುವ ಪರಮೇಶ್ವರನನ್ನೇ ಬಾಗಿಲು ಕಾಯಲು ನಿಲ್ಲಿಸಿಕೊಂಡ ಮಹಾಬಲಿಯ ಕುಲದವರು ಎಂದು ಅದರ ತಾತ್ಪರ್ಯ. ಸಾಮಂತರಾಗಿ ಬಾಳಿದ ಮನೆತನವೊಂದು ಇಷ್ಟು ಎತ್ತರದ ಮಾತನ್ನು ತಲೆಮಾರುಗಳ ಕಾಲ ಬಿಡದೆ ಕೆತ್ತಿಸುತ್ತ ಬಂದುದನ್ನು ನೆನೆದಾಗಲೆಲ್ಲ ನನಗೆ ವಂದಿಯದೇವನ ತಲೆ ತಗ್ಗಿಸದ ಸ್ವಭಾವವೇ ಕಣ್ಣ ಮುಂದೆ ಬರುತ್ತದೆ.

ಈ ವಂಶ ಬಹಳ ಹಳೆಯದು. ಕದಂಬರ ಮಯೂರಶರ್ಮನು ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದನೆಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ನಂದಿಯ ಭೋಗನಂದೀಶ್ವರನ ಸನ್ನಿಧಿಗೆ ಹೋದವರು, 9ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಶಿವಾಲಯ ಕಟ್ಟಿಸಿದವಳು ಬಾಣರ ರಾಣಿ ರತ್ನಾವಳಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಕಾದಂಬರಿಯಲ್ಲಿ ವಂದಿಯದೇವನ ಊರಾಗಿ ಬರುವ ವಲ್ಲಂ ಎಂದರೆ ವೆಲ್ಲೂರಿನ ಬಳಿಯ ತಿರುವಲ್ಲಂ. ಬಾಣರ ಕಾಲದಲ್ಲಿ ಅದಕ್ಕೆ ವಾಣಪುರವೆಂದೇ ಹೆಸರಿತ್ತು. ಆ ಊರಿನ ಶಾಸನದಲ್ಲಿ ಬಾಣವಿದ್ಯಾಧರನ ಪಟ್ಟದರಸಿ, ಗಂಗರ ಪೃಥಿವೀಪತಿಯ ಮಗಳು, ಒಬ್ಬಳು ಬರುತ್ತಾಳೆ. ಅವಳ ಹೆಸರು ಕುಂದವ್ವೈ! ಕಾದಂಬರಿಯಲ್ಲಿ ವಂದಿಯದೇವನು ಮನಸೋಲುವ ಚೋಳರ ಕುಂದವೈ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಬಾಣರ ಮನೆಯಲ್ಲಿ ಆ ಹೆಸರಿನ ಸೊಸೆ ಇದ್ದಳು.

ರಾಜ್ಯ ಹೋದದ್ದು ಹೇಗೆಂಬುದೂ ತಿಳಿದಿದೆ. ಒಂದನೆಯ ಪರಾಂತಕ ಚೋಳನು ಇಬ್ಬರು ಬಾಣ ಅರಸರನ್ನು ಬಲವಂತವಾಗಿ ಕಿತ್ತುಹಾಕಿ, ‘ಬಾಣಾಧಿರಾಜ’ ಎಂಬ ಬಿರುದನ್ನು ತನ್ನ ಪರವಾಗಿದ್ದ ಗಂಗರ ಎರಡನೆಯ ಪೃಥಿವೀಪತಿಗೆ ಕೊಟ್ಟನು. ಈ ಪರಾಂತಕನು ಅರುಳ್‌ಮೊಳಿವರ್ಮನ ಅಣ್ಣ ಆದಿತ್ಯ ಕರಿಕಾಲನಿಗೂ ಅಕ್ಕ ಕುಂದವೈಗೂ ಮುತ್ತಜ್ಜನಾಗಬೇಕು. ತನ್ನ ಮನೆತನವನ್ನು ಬುಡಸಮೇತ ಕಿತ್ತವರ ಮರಿಮಗನಾದ ಈ ಕರಿಕಾಲನ ಓಲೆಯನ್ನು ಹೊತ್ತು ವಂದಿಯದೇವನು ಕಂಚಿಯಿಂದ ಹೊರಡುತ್ತಾನೆಂಬುದು ತಿಳಿದ ಮೇಲೆ, ಮೊದಲನೆಯ ಭಾಗವನ್ನು ಬೇರೆಯೇ ಕಣ್ಣಿನಿಂದ ಓದಬೇಕಾಗುತ್ತದೆ.

ಉತ್ತರ 2 (ಬೆಂಗಳೂರಿನ ಓದುಗರು):

ಮೇಷ್ಟರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಎರಡನೆಯ ಪ್ರಶ್ನೆಗೆ ಅಷ್ಟೇ ಧೈರ್ಯದಿಂದ ಹೌದು ಎನ್ನಲಾಗದು. ತಂಜಾವೂರಿನ ದೊಡ್ಡ ದೇವಾಲಯದ ಶಾಸನಗಳಲ್ಲಿ ರಾಜರಾಜನ ಅಕ್ಕ ಕುಂದವೈಯನ್ನು ‘ವಲ್ಲವರೈಯರ್ ವಂದ್ಯದೇವರ ಮಹಾದೇವಿ’ ಎಂದು ಕರೆಯಲಾಗಿದೆ. ಅವಳು ದೇವರಿಗೆ ಒಪ್ಪಿಸಿದ ಒಡವೆಗಳ ಪಟ್ಟಿ ಅಲ್ಲಿದೆ. ಚಿನ್ನದ ಅರಮನೆಯಲ್ಲಿ ತೀರಿಕೊಂಡ ದೇವರು ಎಂಬ ಹೆಸರಿನಲ್ಲಿ ತನ್ನ ತಂದೆ ಸುಂದರ ಚೋಳನ ಬಿಂಬವನ್ನು ಅವಳು ಮಾಡಿಸಿಟ್ಟದ್ದೂ ಅಲ್ಲಿದೆ. ಒಡವೆಗಳನ್ನು ಇಷ್ಟು ವಿವರವಾಗಿ ಬರೆಸಿದವರು ಅವಳ ಗಂಡನನ್ನು ಬಾಣ ವಂಶದವನೆಂದು ಅಲ್ಲಿ ಹೇಳಿಲ್ಲ.

ಆತನ ಕುಲದ ಸುಳಿವೇನಾದರೂ ಇದ್ದರೆ ಅದು ‘ವಲ್ಲವರೈಯರ್’ ಎಂಬ ಪದದಲ್ಲಿಯೇ ಇರಬೇಕು. ಆ ಪದವನ್ನು ಕನ್ನಡದ ಕಿವಿಯಿಂದ ಕೇಳಿದರೆ ವಲ್ಲಭರಾಜ ಎಂದಾಗುತ್ತದೆ. ವಲ್ಲಭ ಎಂಬುದು ಬಾದಾಮಿ ಚಾಲುಕ್ಯರ ಬಿರುದು. ಅವರನ್ನು ಸೋಲಿಸಿದ ರಾಷ್ಟ್ರಕೂಟರೂ ಅದನ್ನೇ ಧರಿಸಿದರು. ಆದ್ದರಿಂದ ಆತನ ಮೂಲವನ್ನು ಬಾಣರಲ್ಲಿ ಅಲ್ಲದೆ ರಾಷ್ಟ್ರಕೂಟರ ಕಡೆ ಹುಡುಕುವ ಅಭಿಪ್ರಾಯವೂ ಇದೆ. ನಾನು ಯಾವುದೊಂದಕ್ಕೂ ಪಟ್ಟು ಹಿಡಿಯುವುದಿಲ್ಲ. ಒಂದು ಹೆಸರಿಗಿಂತ ಹೆಚ್ಚೇನೂ ಸಿಗದ ಮನುಷ್ಯನಿಗೆ 1950ರಿಂದ 1954ರವರೆಗೆ ವಾರವಾರವೂ ಜೀವ ತುಂಬಿ, ಊರು, ಕುಲ, ಹಸಿವು, ತುಂಟತನಗಳನ್ನೆಲ್ಲ ಕೊಟ್ಟ ಲೇಖಕರ ಮೇಲಿನ ಗೌರವ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಉತ್ತರ 3 (ಮಂಡ್ಯದ ಓದುಗರು):

ಒಂದು ಎಳೆಯನ್ನು ನಾನೂ ಸೇರಿಸುತ್ತೇನೆ. ಕಾದಂಬರಿ ತೆರೆದುಕೊಳ್ಳುವುದು ತಮಿಳು ಪಂಚಾಂಗದ ಆಡಿ ತಿಂಗಳ ಹದಿನೆಂಟನೆಯ ದಿನ, ವೀರನಾರಾಯಣ ಕೆರೆಯ ಏರಿಯ ಮೇಲೆ. ಆ ಕೆರೆಯನ್ನು ತೋಡಿಸಿದವನೆಂದು ಅಲ್ಲಿ ಹೇಳಿರುವ ರಾಜಾದಿತ್ಯನು ಪರಾಂತಕನ ಹಿರಿಯ ಮಗ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಹೋರಾಡಿ, 949ರಲ್ಲಿ ತಕ್ಕೋಲದ ಕಾಳಗದಲ್ಲಿ ಈ ರಾಜಾದಿತ್ಯನನ್ನು ಕೊಂದವನು ನಮ್ಮ ಗಂಗರ ಬೂತುಗ. ಅದರ ಸಾಕ್ಷಿ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಬೂತುಗನ ಸೇವಕ ಮಣಲೇರನು ಆ ಯುದ್ಧದಲ್ಲಿ ಮೆರೆದಾಗ, ಮೆಚ್ಚಿದ ಒಡೆಯನು ಏನು ಬೇಕೆಂದು ಕೇಳಿದನು. ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಎರಡೂ ಸತ್ತವು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಮೈಗೆ ಮೈ ತಾಗಿಸಿ ಕಾದುತ್ತಿರುವುದನ್ನು ನೋಡಬಹುದು. ಚೋಳರ ರಾಜಕುಮಾರನ ಸಾವೂ ಈ ನಾಯಿಯ ಸಾವೂ ಒಂದೇ ಕಲ್ಲಿನಲ್ಲಿವೆ. ಬಾಣರನ್ನು ಕಿತ್ತ ಪರಾಂತಕನಿಗೆ ಹಿರಿಯ ಮಗನ ಮರಣವನ್ನು ಕಾಣುವ ದಿನವೂ ಬಂದಿತು. ವಂದಿಯದೇವನ ಕುದುರೆ ಆ ಏರಿಯ ಮೇಲೆ ಸಾಗುವ ಪುಟವನ್ನು ಓದುವಾಗ ನನಗೆ ನೆನಪಾಗುವುದು ಇದೇ.

ಪ್ರಶ್ನೆ ಕೇಳಿದವರು:

ಮೂವರಿಗೂ ನನ್ನ ನಮಸ್ಕಾರಗಳು. ತಂಜಾವೂರಿನ ಶಾಸನದ ಮಾತನ್ನು ಓದಿ ಮೊದಲು ಮನಸ್ಸಿಗೆ ತುಸು ಬೇಸರವಾದದ್ದು ನಿಜ. ನಮ್ಮ ಏರಿಯ ಕಲ್ಲಿಗೂ ಅವನಿಗೂ ನಂಟು ಕಟ್ಟಿಕೊಂಡು ಆರು ತಿಂಗಳಾಗಿತ್ತು. ಆದರೂ ತಿರುವಲ್ಲದ ಕುಂದವ್ವೈಯ ಸುದ್ದಿ ಆ ಬೇಸರವನ್ನು ಕಳೆಯಿತು. ಮುಳಬಾಗಿಲಿನಿಂದ ತಿರುವಲ್ಲಕ್ಕೆ ಒಂದು ಹಗಲಿನಲ್ಲಿ ಹೋಗಿ ಬರಬಹುದು. ಬರುವ ತಿಂಗಳು ಆ ಹಿರಿಯರನ್ನು ಕರೆದುಕೊಂಡು ಹೊರಡುತ್ತೇನೆ. ಆ ಶಾಸನ ಗುಡಿಯ ಯಾವ ಗೋಡೆಯ ಮೇಲಿದೆಯೆಂದು ಮೇಷ್ಟರು ತಿಳಿಸಿದರೆ ಉಪಕಾರವಾಗುತ್ತದೆ.