ಫರ್ನಿಚರ್‌ಗೆ ಬಹುವಚನ ಇಲ್ಲ ಅಂದರೆ ಇಂಗ್ಲಿಷಿನವರು ಅದನ್ನ ಎಣಿಸುವುದೇ ಇಲ್ವಾ?

ಗೀಟುಪುಸ್ತಕ:
ಚೇರ್ಸ್ ಅನ್ನಬಹುದು, ಟೇಬಲ್ಸ್ ಅನ್ನಬಹುದು. ಫರ್ನಿಚರ್ಸ್ ಅಂತ ಬರೆದರೆ ಮಾತ್ರ ಮೇಷ್ಟ್ರು ಕೆಂಪು ಗೀಟು ಹಾಕುತ್ತಾರೆ, ಅದು ನೀರು, ಮರಳಿನ ಸಾಲಿಗೆ ಸೇರಿದ್ದಂತೆ. ಕುರ್ಚಿ ಮೇಜು ಕಣ್ಣೆದುರಿಗೇ ಬೇರೆ ಬೇರೆ ನಿಂತಿರುತ್ತವೆ, ಅಲ್ವಾ? ಹಾಗಾದರೆ ಅವರ ತಲೆಯಲ್ಲಿ ಫರ್ನಿಚರ್ ಅಂದರೆ ಒಂದು ರಾಶಿಯಾ?

ಬೆಣಚುಕಲ್ಲು:
ಇಲ್ಲ. ಇದನ್ನ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಬಾರ್ನರ್ ಮತ್ತು ಸ್ನೆಡೆಕರ್ ಅಂತ ಇಬ್ಬರು ಸಂಶೋಧಕರು, 2005ರಲ್ಲಿ. ಒಬ್ಬರ ಹತ್ತಿರ ದೊಡ್ಡ ದೊಡ್ಡವು, ಆದರೆ ಕಡಿಮೆ. ಇನ್ನೊಬ್ಬರ ಹತ್ತಿರ ಪುಟ್ಟವು, ಆದರೆ ಎಣಿಕೆಯಲ್ಲಿ ಜಾಸ್ತಿ. ಯಾರ ಹತ್ತಿರ ಜಾಸ್ತಿ ಇದೆ ಅಂತ ಕೇಳಿದರು. ಟೂತ್‌ಪೇಸ್ಟ್ ಆದರೆ ಜನ ಗಾತ್ರ ನೋಡಿದರು, ಶೂ ಆದರೆ ಎಣಿಸಿದರು. ಫರ್ನಿಚರ್ ಅಂದಾಗಲೂ ಎಣಿಸಿಯೇ ಉತ್ತರ ಕೊಟ್ಟರು! ವ್ಯಾಕರಣ ಬೇಡ ಅಂದರೂ ಮನಸ್ಸು ಬಿಡಲಿಲ್ಲ.

ಜಲ್ಲಿಲೋಡು:
ಅರ್ಧ ಮಾತ್ರ ಹೇಳಿದಿರಿ ಸಾರ್. ಅದೇ ಪ್ರಯೋಗದಲ್ಲಿ ಸ್ಟೋನ್ ಅಂದಾಗ ಗಾತ್ರ ನೋಡಿದವರು, ಸ್ಟೋನ್ಸ್ ಅಂದಾಗ ಎಣಿಸಿದರು. ಎರಡೂ ಕಡೆ ವಾಲುವ ವಸ್ತುವಿನಲ್ಲಿ ವ್ಯಾಕರಣದ ಮಾತೇ ನಡೆಯುತ್ತದೆ. ಕನ್ನಡದಲ್ಲಿ ಆ ಸುಳಿವು ಕಡಿಮೆ. ಹತ್ತು ಕಲ್ಲು ಅಂದರೆ ಸಾಕು, 'ಗಳು' ಬೇಕಿಲ್ಲ, 'ಎಷ್ಟು' ಅನ್ನೋದು ನೀರಿಗೂ ಆಗುತ್ತದೆ ಕಲ್ಲಿಗೂ ಆಗುತ್ತದೆ. ಆದರೂ ಮನೆ ಕಟ್ಟುವವರು ಸೈಜುಗಲ್ಲನ್ನು ಲೆಕ್ಕ ಹಾಕಿ ಇಳಿಸಿಕೊಳ್ಳುತ್ತಾರೆ, ಜಲ್ಲಿಯನ್ನು ಲೋಡಿನಲ್ಲಿ ತರಿಸುತ್ತಾರೆ, ಯಾರಿಗೂ ಗೊಂದಲ ಇಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು, 'ಎರಡು ಹುಡುಗ' ಅಂದರೆ ಮಕ್ಕಳೂ ನಗುತ್ತಾರೆ.

ಗೀಟುಪುಸ್ತಕ:
ಸುಳಿವೇ ಕಡಿಮೆ ಅಂದರೆ ನಮ್ಮ ಮಕ್ಕಳು ವಸ್ತು ಯಾವುದು, ಸುಮ್ನೆ ಹರಡಿಕೊಳ್ಳುವ ಪದಾರ್ಥ ಯಾವುದು ಅಂತ ಹೇಗೆ ಕಲಿಯುತ್ತಾರೆ?

ತೊದಲುನುಡಿ:
ವ್ಯಾಕರಣಕ್ಕೆ ಮೊದಲೇ ಗೊತ್ತಿರುತ್ತದೆ. ಸೋಜಾ, ಕ್ಯಾರಿ, ಸ್ಪೆಲ್ಕಿ ಅಂತ ಮೂವರು ಸಂಶೋಧಕರು 1991ರಲ್ಲಿ ಎರಡು ವರ್ಷದ ಮಕ್ಕಳಿಗೆ ಗಟ್ಟಿ ವಸ್ತು ತೋರಿಸಿ ಒಂದು ಹೊಸ ಹೆಸರು ಹೇಳಿದರು. ಅದೇ ಹೆಸರಿನ ಇನ್ನೊಂದನ್ನು ತೋರಿಸು ಅಂದರೆ ಮಕ್ಕಳು ಅದೇ ಆಕಾರದ್ದನ್ನು ಹುಡುಕಿದವು, ಬೇರೆಯದರಿಂದ ಮಾಡಿದ್ದಾದರೂ ಸರಿ. ಕ್ರೀಮಿನ ಥರದ್ದಕ್ಕೆ ಹೆಸರಿಟ್ಟರೆ ಆಕಾರ ಬಿಟ್ಟು ಪದಾರ್ಥ ಹಿಡಿದವು. ಒಂದು-ಹಲವು ಇನ್ನೂ ಸರಿಯಾಗಿ ಬಾರದ ಮಕ್ಕಳೂ ಹಾಗೇ ಮಾಡಿದವು.

ಭಾಷೆಯ ಪಾಲು ಇಲ್ಲವೇ ಇಲ್ಲ ಅಂತಲ್ಲ. ಜಪಾನೀಸ್‌ನಲ್ಲೂ ಬಹುವಚನ ಕಡ್ಡಾಯ ಅಲ್ಲ. 1997ರಲ್ಲಿ ಇಮೈ ಮತ್ತು ಗೆಂಟ್ನರ್ ಅನ್ನೋ ಸಂಶೋಧಕರು ಇಂಗ್ಲಿಷ್, ಜಪಾನೀಸ್ ಎರಡೂ ಭಾಷೆಯ ಮಕ್ಕಳನ್ನು ಹೋಲಿಸಿದರು. ಭಾಗಗಳಿರುವ ಜಟಿಲ ವಸ್ತುವಿನಲ್ಲಿ ಎಲ್ಲರೂ ಒಂದೇ. ಮೇಣದ ಒಂದು ಸಾದಾ ತುಂಡಿನಂಥದ್ದು ತೋರಿಸಿದಾಗ ಇಂಗ್ಲಿಷ್ ಮಕ್ಕಳು ಆಕಾರದ ಕಡೆ ಹೋದರು, ಜಪಾನಿನ ಮಕ್ಕಳಲ್ಲಿ ಅಂಥ ಒಲವು ಕಾಣಲಿಲ್ಲ. ಜಲ್ಲಿಲೋಡು ಹೇಳಿದ ಕಲ್ಲಿನ ಕಥೆಯೂ ಇದೇ.